ಬಿಟ್ಟ ಹಾಲು

ಅತ್ತೆ ಲಕ್ಷ್ಮಿಬಾಯಿ ಹಾಲು ಬಿಟ್ಟದ್ದು ನನ್ನ ತಲೆನೋವಿಗಾಗಿ. ಚಾತುರ್ಮಾಸಕ್ಕೆ ಐಗಳಿ ಊರಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ, ಸೊಸೆಯ ತಲೆನೋವು ಹೋಗುವವರೆಗೆ ಹಾಲು ಮುಟ್ಟುವುದಿಲ್ಲವೆಂದು ನಿಯಮ ತೆಗೆದುಕೊಂಡು ಬಂದರು. ನಮ್ಮ ಜೈನರ ಮನೆಗಳಲ್ಲಿ ಇಂಥ ತ್ಯಾಗ ಹೊಸದೇನಲ್ಲ. ಆದರೆ ಹಾಲಿಲ್ಲದ ಚಹಾದ ಮೊದಲ ಗುಟುಕಿಗೆ ಅವರ ಮುಖ ಹೇಗಾಯಿತೆಂಬುದು ನನಗೆ ಇನ್ನೂ ನೆನಪಿದೆ.

"ಗಾಡಿ ಹೊಡಿಯಾಕ ಬರಲಾರದವ ನನ್ನ ಮಗ, ಹಾಲು ಬಿಟ್ಟಾಕಿ ನಾನು," ಎಂದು ಮುಂದೆ ನೋವಿನ ಕಾರಣ ತಿಳಿದ ದಿನ ನಕ್ಕರು. ನನ್ನ ಗಂಡ ಸಮ್ಮೇದ ತಲೆ ಎತ್ತಲಿಲ್ಲ.

ಕುಡಚಿಯಿಂದ ಬೈಕಿನಲ್ಲಿ ಬರುವಾಗ, ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿ ಕಂಡು ಅವರು ಒಮ್ಮೆಲೇ ಬ್ರೇಕ್ ಹಾಕಿದ್ದರು. ಹಿಂದೆ ಕೂತಿದ್ದ ನನ್ನ ಕುತ್ತಿಗೆ ಮುಂದಕ್ಕೂ ಹಿಂದಕ್ಕೂ ಜಗ್ಗಿತು. ಬೀಳಲಿಲ್ಲ, ರಕ್ತ ಬರಲಿಲ್ಲ; ಹಾಗಾಗಿ ಯಾರೂ, ನಾನು ಕೂಡ, ಅದನ್ನು ಪೆಟ್ಟೆಂದು ಎಣಿಸಲಿಲ್ಲ. ಮುಂದೆ ಬಲಗಣ್ಣಿನ ಹಿಂದೆ ನೋವು ಶುರುವಾದಾಗ ಪಿತ್ತವೆಂದರು, ಕನ್ನಡಕ ಬೇಕೆಂದರು, ಮೈಗ್ರೇನ್ ಎಂದು ಗುಳಿಗೆ ಕೊಟ್ಟರು. ಬೆಳಕು ತಾಳದೆ ಒಣದ್ರಾಕ್ಷಿ ತುಂಬಿಡುವ ಕೋಣೆಯಲ್ಲಿ ಮಲಗುತ್ತಿದ್ದೆ. ಯಾರೂ ಪಾತ್ರೆ ಸದ್ದು ಮಾಡದಂತೆ ಅತ್ತೆ ಬಾಗಿಲ ಹೊರಗೆ ಕೂತಿರುತ್ತಿದ್ದರು.

ಕಾರಣ ತಿಳಿದದ್ದು ಮಿರಜದಲ್ಲಿ. ಅಲ್ಲಿಯ ಫಿಜಿಯೋಥೆರಪಿ ಡಾಕ್ಟರು, ಎಂದಾದರೂ ಕುತ್ತಿಗೆ ಜಗ್ಗಿತ್ತೇ ಎಂದು ಮರಾಠಿಯಲ್ಲಿ ಕೇಳಿ, ನನ್ನ ಹೆಗ್ಗತ್ತನ್ನು ಬೆರಳಿನಿಂದ ಒತ್ತಿದರು. ಕಣ್ಣಿನ ಹಿಂದಿನ ನೋವು ಅಲ್ಲಿಂದಲೇ ಎದ್ದು ಬಂತು. ಗೋಡೆಗೆ ಬೆನ್ನು ಕೊಟ್ಟು ಗದ್ದ ಹಿಂದಕ್ಕೆ ಎಳೆಯುವ ವ್ಯಾಯಾಮ ಕಲಿಸಿದರು. ಭಾರ ಎತ್ತಬೇಡಿ, ನಿಧಾನವಾಗಿ ಹೋಗುತ್ತದೆ ಎಂದರು. ನೋವು ಅಪರೂಪವಾಗತೊಡಗಿತು. ಅತ್ತೆ ದಿನವೂ ನನ್ನ ಮುಖ ನೋಡುತ್ತಿದ್ದರು. ಕಡಿಮೆಯಾದರೆ ಸಾಲದು, ಹೋಗಬೇಕು ಎನ್ನುತ್ತಿದ್ದರು.

ಆ ಚಳಿಗಾಲ ಅವರೇ ಹಾಸಿಗೆ ಹಿಡಿದರು. ಹೃದಯ ಸೋತಿತ್ತು. ಅವರನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು ನನ್ನ ಕೆಲಸವಾಯಿತು. ವ್ಯಾಯಾಮ ತಪ್ಪಿತು, ನೋವು ಮರಳಿತು. ಅದು ಮುಖದಲ್ಲಿ ಕಾಣದಂತೆ ಇರುವುದನ್ನು ರೂಢಿ ಮಾಡಿಕೊಂಡೆ.

ಕೊನೆಕೊನೆಗೆ ಅನ್ನ, ಗಂಜಿ ಯಾವುದೂ ಅವರ ಗಂಟಲಲ್ಲಿ ಇಳಿಯಲಿಲ್ಲ. ಒಂದು ಸಂಜೆ ಬೆಚ್ಚಗಿನ ಹಾಲು ಒಯ್ದೆ. ಹೊತ್ತು ಮುಳುಗಿದ ಮೇಲೆ ಅವರು ನೀರನ್ನೂ ಮುಟ್ಟುವವರಲ್ಲ. ಕಿಟಕಿಯಲ್ಲಿ ಇನ್ನೂ ಸ್ವಲ್ಪ ಬಿಸಿಲಿತ್ತು.

"ತಲಿ?" ಎಂದರು.

"ಇಲ್ರಿ ಆಯಿ. ಎಲ್ಲಾ ಹೋಗೈತಿ. ಕುಡೀರಿ."

ಲೋಟವನ್ನು ಹತ್ತಿರ ಹಿಡಿದೆ. ಹಾಲಿನ ವಾಸನೆಗೆ ಕಣ್ಣು ಮುಚ್ಚಿದರು. ತುಟಿ ಸ್ವಲ್ಪ ತೆರೆಯಿತು. ಆಮೇಲೆ ಕಣ್ಣು ಬಿಟ್ಟು ನನ್ನ ಎಡಗೈಯನ್ನೇ ನೋಡಿದರು. ನನಗೆ ತಿಳಿಯದೆಯೇ ಅದು ಹೆಗ್ಗತ್ತನ್ನು ಒತ್ತಿ ಹಿಡಿದಿತ್ತು.

"ನಿನ್ನ ಬಾಯಿ ಸಾಲಿ ಕಲ್ತೈತಿ, ಕೈ ಕಲ್ತಿಲ್ಲ," ಎಂದರು. "ಇರಲಿ ಬೇ. ನಾಳೆ ಕುಡಿತೀನಿ."

ಬಿಸಿಲು ಹೋಯಿತು. ಬೆಳಗಾಗುವಷ್ಟರಲ್ಲಿ ಅವರೂ ಹೋಗಿದ್ದರು.

ವ್ಯಾಯಾಮ ಮತ್ತೆ ಹಿಡಿದೆ, ಬಿಡಲಿಲ್ಲ. ಬೇಸಿಗೆಯಲ್ಲಿ ಒಂದು ದಿನ, ಒಣಹಾಕಿದ ದ್ರಾಕ್ಷಿಯನ್ನು ನೋಡುತ್ತ ಸುಡುಬಿಸಿಲಲ್ಲಿ ನಿಂತಿದ್ದಾಗ, ತಲೆ ನೋಯದೆ ಬಹಳ ಕಾಲವಾಯಿತೆಂಬುದು ಗಮನಕ್ಕೆ ಬಂತು. ಸಮ್ಮೇದರಿಗೆ ಹೇಳಿದೆ. ಅವರು ಎಮ್ಮೆ ಹಿಂಡಲು ಹೋದರು.

ಆ ಸಂಜೆ ಅತ್ತೆಯ ಲೋಟದಲ್ಲಿ ಹಾಲು ಹಾಕಿಕೊಂಡು ಪಡಸಾಲೆಯಲ್ಲಿ ಕೂತೆ. ಹೊತ್ತು ಇನ್ನೂ ಇತ್ತು. ತುಟಿಯವರೆಗೆ ತಂದೆ, ಕೆಳಗಿಟ್ಟೆ. ಆಮೇಲೂ ಎಷ್ಟೋ ಸಲ ಕುಡಿಯಲು ನೋಡಿದ್ದೇನೆ. ಯಾರ ಮುಂದೆಯೂ ನಾನು ನಿಯಮ ತೆಗೆದುಕೊಂಡಿಲ್ಲ. ಆದರೂ ಇಳಿಯುವುದಿಲ್ಲ.