ಜಯರಾಮ್ ಫುಲ್ಲರ್ ಯಾವ ಪೈಕಿ?

ಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಪ್ಪನ ಕೊರಳಿಗೆ ಹಾರ ಹಾಕಲು ಬಗ್ಗಿದ್ದ ಗಾರ್ಗಿ ಹಾಗೆಯೇ ತಲೆಯೆತ್ತಿದಳು. ಹನ್ನೊಂದು ಮಂದಿ ಬಿಳಿಯರು ಸಾಲಾಗಿ ಒಳಗೆ ಬರುತ್ತಿದ್ದರು. ಎಲ್ಲರ ಎದೆಯ ಮೇಲೂ ಚೀಟಿ. ಎಲ್ಲ ಚೀಟಿಯಲ್ಲೂ ಒಂದೇ ಮನೆತನದ ಹೆಸರು: ಫುಲ್ಲರ್.

"ಯಾರಮ್ಮಾ ಇವರು?" ಕನ್ನಡ ಕೂಟದ ಹಿರಿಯ ಜಗನ್ನಾಥ ರಾಯರು ಪಿಸುಗುಟ್ಟಿದರು. "ರೂಮು ತಪ್ಪಿ ಬಂದ್ರೇನೋ. ಪಕ್ಕದಲ್ಲೂ ಒಂದು ಫ್ಯೂನರಲ್ಲು ಇದೆ."

"ಐ ಹ್ಯಾವ್ ನೋ ಐಡಿಯಾ, ಅಂಕಲ್."

"ನಿಮ್ಮಪ್ಪನ ಕಡೆಯ ನೆಂಟರಾ?"

"ಅಪ್ಪ ಮಂಡ್ಯದವರು, ಅಂಕಲ್!"

ಸ್ಯಾನ್ ಮಟಿಯೋದ ಆ ಚಿತಾಗಾರದಲ್ಲಿ ಅವರಿಗೆ ಸಿಕ್ಕಿದ್ದು ಮೂರು ಗಂಟೆಯ ಸ್ಲಾಟು. ಆಗಲೇ ಎರಡೂವರೆ. ಪುರೋಹಿತ ಮಧ್ವೇಶರು ದರ್ಭೆ ಹಿಡಿದು ಒಂದೇ ಉತ್ತರಕ್ಕೆ ಕಾದಿದ್ದರು.

"ಗೋತ್ರ ಗೊತ್ತಿಲ್ಲ ಅಂದ್ರೆ ಕಾಶ್ಯಪ ಅಂದುಬಿಡೋಣ, ಅದಕ್ಕೆ ದಾರಿ ಇದೆ. ಆದ್ರೆ ತಾತನ ಹೆಸರು, ಮುತ್ತಾತನ ಹೆಸರು? ಈಗ ಕೂತು ಅವರಿಗೆ ನಾನು ನಾಮಕರಣ ಮಾಡಕ್ಕಾಗತ್ತೇನಮ್ಮ?"

ಗಾರ್ಗಿಗೆ ಗೊತ್ತಿರಲಿಲ್ಲ. ಅಮ್ಮ ಹೋಗಿ ಹತ್ತು ವರ್ಷವಾಗಿತ್ತು. ಕೇಳೋಣವೆಂದರೆ ಇನ್ಯಾರೂ ಇರಲಿಲ್ಲ. ಮೂವತ್ತೆಂಟು ವರ್ಷ ಮಗಳಾಗಿದ್ದೂ, ಅಪ್ಪನನ್ನು ಯಾರ ಮಗನೆಂದು ಕಳಿಸಿಕೊಡಬೇಕೋ ತಿಳಿಯದೆ ನಿಂತಿದ್ದಳು.

*

ಮೂರನೇ ಕ್ಲಾಸಿನಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ಜಯರಾಮ್ ಚಾರ್ಟಿನ ಮೇಲೆ ತಮ್ಮ ಹೆಸರು ಬರೆದು ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

"ಅಷ್ಟೇನಾ ಅಪ್ಪಾ?"

"ನಮ್ಮದು ಬೋನ್ಸಾಯಿ ಕಣೇ ಪುಟ್ಟೀ."

ನಗಿಸಿದರೆ ಮುಂದಿನ ಪ್ರಶ್ನೆ ತಡವಾಗುತ್ತದೆ ಎಂಬುದನ್ನು ಅವರು ಎಂದೋ ಕಲಿತಿದ್ದರು. ಪೌರತ್ವದ ಫಾರಮ್ಮಿನಲ್ಲಿ ಹೊಸ ಹೆಸರಿಗೆಂದು ಜಾಗವಿತ್ತು. ಅಲ್ಲಿ ಫುಲ್ಲರ್ ಎಂದು ಬರೆದಿದ್ದರು. "ಯಾಕ್ರೀ ಜಯರಾಮ್?" ಎಂದು ಕೂಟದ ಊಟದಲ್ಲಿ ರಾಯರು ಕೇಳಿದರೆ, "ಖಾಲಿ ಬಿಡಬಾರದಲ್ಲ ಸಾರ್, ಫುಲ್ಲು ಮಾಡಿದೆ" ಎಂದಿದ್ದರು. "ಅದಿರ್ಲಿ, ನೀವು ಯಾವ ಪೈಕಿ?" ಎಂದು ರಾಯರು ಬಾಯಿ ತೆರೆಯುವಷ್ಟರಲ್ಲಿ ಪಾಯಸ ಬಂದಿತ್ತು.

*

ಹನ್ನೊಂದು ಮಂದಿಯಲ್ಲಿ ಹಿರಿಯಾಕೆ, ಡಾರತಿ ಫುಲ್ಲರ್, ಗಾರ್ಗಿಯ ಕೈ ಹಿಡಿದುಕೊಂಡರು. ಪ್ರತಿ ಜುಲೈನಲ್ಲಿ ಫುಲ್ಲರ್ ಮನೆತನದವರೆಲ್ಲ ಪಾರ್ಕಿನಲ್ಲಿ ಸೇರುತ್ತಾರಂತೆ. ಜಯರಾಮ್ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿಸಲಿಲ್ಲವಂತೆ. ಮನೆಯಲ್ಲಿ ಅಪ್ಪ ಅದನ್ನು ಆಫೀಸಿನ ಪಿಕ್ನಿಕ್ಕು ಎನ್ನುತ್ತಿದ್ದರು.

"ಆದ್ರೆ ನಾವು ನಿಜವಾದ ಫುಲ್ಲರ್ ಅಲ್ಲವಲ್ಲ," ಗಾರ್ಗಿ ಇಂಗ್ಲಿಷಿನಲ್ಲಿ ಹೇಳಿದಳು.

"ಅಲ್ಲವೇ? ಫುಲ್ಲರ್ ಅಂದರೆ ಬಟ್ಟೆ ತುಳಿದು ಶುಚಿ ಮಾಡುವವನು. ನಮ್ಮ ಹಿರಿಯರು ಇಂಗ್ಲೆಂಡಿನಲ್ಲಿ ಉಚ್ಚೆಯ ತೊಟ್ಟಿಯಲ್ಲಿ ನಿಂತು ಉಣ್ಣೆ ತುಳಿದವರು!" ಡಾರತಿ ಹೆಮ್ಮೆಯಿಂದ ಎಂದರು. "ನಮ್ಮದೂ ಅದೇ ಕಸುಬು, ಹೊಳೆಯಲ್ಲಿ, ಅಂತ ನಿನ್ನ ಅಪ್ಪ ಮೊದಲ ವರ್ಷವೇ ಎದ್ದು ನಿಂತು ಹೇಳಿದ. ನಾವೆಲ್ಲ ಚಪ್ಪಾಳೆ ಹೊಡೆದೆವು."

ಆಕೆ ವಂಶವೃಕ್ಷದ ಒಂದು ಸುರುಳಿ ಬಿಚ್ಚಿದರು. "ಜಯರಾಮ್‌ನ ಅಪ್ಪ ಮ್ಯಾಡಾಯಾ. ಅವನ ಅಪ್ಪ ಹುಕ್ಚಾ... ಹುಚಾಯ್..."

ಗಾರ್ಗಿ ಬಗ್ಗಿ ನೋಡಿದಳು. ಅಪ್ಪನ ಕೈಬರಹ, ಇಂಗ್ಲಿಷ್ ಅಕ್ಷರ. ಮಾದಯ್ಯ, ಫುಲ್ಲರ್. ಹುಚ್ಚಯ್ಯ, ಫುಲ್ಲರ್. ಮಾದಯ್ಯನ ಹೆಸರಿನ ಕೆಳಗೆ ಎರಡು ಸಾಲು ಹೆಚ್ಚಿತ್ತು. ಅವಳು ಅದನ್ನು ಗಟ್ಟಿಯಾಗಿ ಓದಿದಳು: ಮದುವೆಗೆ, ಸಾವಿಗೆ, ಊರಿನವರು ನಡೆಯುವ ದಾರಿಗೆ ಮಡಿಬಟ್ಟೆ ಹಾಸುತ್ತಿದ್ದರು. ಅವರು ಸತ್ತಾಗ ಯಾರೂ ಹಾಸಲಿಲ್ಲ.

"ಮಡಿವಾಳರು..." ರಾಯರು ಸುರುಳಿಯತ್ತ ಬಗ್ಗಿದರು. "ನಲವತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ನಲ್ಲಮ್ಮ. ನನಗೆ ಹೇಳಬಾರದಿತ್ತಾ? ನಾನೇನು ಅಂಥವನಾ?"

ಗಾರ್ಗಿ ಸುರುಳಿಯನ್ನು ಮಧ್ವೇಶರ ಮುಂದೆ ಹಿಡಿದಳು.

"ಅಂಥವನಾ ನಾನು?" ಅವರು ಡಾರತಿಯನ್ನು ಕನ್ನಡದಲ್ಲೇ ಕೇಳಿದರು. ಆಕೆ ಅರ್ಥವಾಗದೆ ಅವರ ಬೆನ್ನು ಸವರಿದರು.

ಮಧ್ವೇಶರು ಎರಡು ಹೆಸರನ್ನೂ ಸೇರಿಸಿ ಮಂತ್ರ ಮುಗಿಸಿದರು. ನೌಕರನು ಪೆಟ್ಟಿಗೆಯ ಗಾಡಿಗೆ ಕೈಹಾಕಿದ.

"ಒನ್ ಮಿನಿಟ್," ಎಂದಳು ಗಾರ್ಗಿ.

ಕಾಫಿ ಇಟ್ಟಿದ್ದ ಮೇಜಿನ ಬಿಳಿ ಬಟ್ಟೆಯನ್ನು ಎಳೆದು ತಂದು ಗಾಡಿಯ ಮುಂದೆ ಹಾಸಿದಳು. ಸಾಲಲಿಲ್ಲ. ಡಾರತಿ ಕೊರಳಿನ ಸ್ಕಾರ್ಫು ಬಿಚ್ಚಿ ಅದರ ಮುಂದಕ್ಕೆ ಇಟ್ಟರು. ಉಳಿದ ಫುಲ್ಲರ್‌ಗಳೂ ಒಬ್ಬೊಬ್ಬರಾಗಿ ಕೋಟು, ಸ್ವೆಟರು ಹಾಸುತ್ತ ಹೋದರು.

ಗಾಡಿಯ ಚಕ್ರ ಕೊನೆಯ ಸ್ವೆಟರಿನ ತೋಳಿನ ಮೇಲೆ ಬಂದು ನಿಂತಿತು. ದಹನದ ಕೋಣೆಯ ಬಾಗಿಲಿಗೆ ಇನ್ನೂ ಎರಡು ಗಜ ಬರಿ ನೆಲ. ಆ ನೆಲದ ಆಚೆ ನಿಂತಿದ್ದ ಜಗನ್ನಾಥ ರಾಯರು ಹೆಗಲ ಮೇಲಿನ ಜರಿಶಲ್ಯವನ್ನು ಅರ್ಧ ಎಳೆದು, ಹಾಗೆಯೇ ಹಿಡಿದುಕೊಂಡಿದ್ದರು.