ಎರ್ಮೆಲಿಂದಾಳ ಕಣ್ಣೀರು

ಗೋವಾದ ನಮ್ಮ ತಿಯಾತ್ರ್ ನಾಟಕ ಮಂಡಳಿಯಲ್ಲಿ ಎಲ್ಲರೂ ಗ್ಲಿಸರಿನ್ ಹಚ್ಚಿಕೊಂಡೇ ಅಳುವುದು. ಎರ್ಮೆಲಿಂದಾ ಒಬ್ಬಳು ಮಾತ್ರ ಹದಿನೆಂಟು ವರ್ಷ ನಿಜವಾಗಿ ಅತ್ತವಳು. ಸಾಲಸೇಟ್ ತಾಲೂಕಿನ ಯಾವ ಊರಿಗೆ ಹೋದರೂ ಜನ ಅವಳನ್ನು ಗುರುತಿಸುವುದು ‘ಅಳುವ ಬಾಯಿ’ ಎಂದೇ; ಬಾಯಿ ಅಂದರೆ ನಮ್ಮಲ್ಲಿ ಹೆಂಗಸು. ನನ್ನ ಹೆಸರು ಕಾಯ್ತಾನ್. ಪರದೆಯ ಪಕ್ಕ ಪುಸ್ತಕ ಹಿಡಿದು ಕೂತು, ಮಾತು ಮರೆತವರಿಗೆ ಪಿಸುಗುಟ್ಟುವವನು. ನಾಟಕ ಗೆದ್ದರೆ ನಟರಿಗೆ ಹೊಗಳಿಕೆ, ಬಿದ್ದರೆ ನನಗೆ ಬೈಗುಳ. ಹಾಗಾಗಿ ನನ್ನ ನಾಲಗೆಯೂ ಸ್ವಲ್ಪ ಹರಿತ.

ಕಳೆದ ಮಳೆಗಾಲದಲ್ಲಿ ಅವಳು ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಬಾಚಲಿಲ್ಲ, ಊಟ ಬೇಕೆನ್ನಲಿಲ್ಲ. ಡಾಕ್ಟರು ಖಿನ್ನತೆ ಎಂದು ಹೇಳಿ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಹೆಂಗಸು ಪೇಟೆಯಲ್ಲಿ ಬಂಗುಡೆ ಮೀನಿಗೆ ಚೌಕಾಸಿ ಮಾಡುವಷ್ಟು ಚೇತರಿಸಿಕೊಂಡಳು. ಆದರೆ ಈಸ್ಟರ್ ನಾಟಕದ ತಾಲೀಮು ಶುರುವಾದಾಗ ಕಣ್ಣೀರೇ ಬರಲಿಲ್ಲ. ಹಡಗಿನ ಕೆಲಸಕ್ಕೆ ಹೋದ ಮಗ ಸತ್ತ ಸುದ್ದಿ ಬರುವ ದೃಶ್ಯ ಅದು.

ನಾಟಕ ಬರೆದು ಆಡಿಸುವ ಮೆನೀನ್ ತಲೆ ಚಚ್ಚಿಕೊಂಡ. “ಏನ್ ಬಾಯಿ, ಮಗ ಸತ್ತ ಅಂದ್ರೆ ಬೇಕರೀಲಿ ಪಾವ್ ಖಾಲಿಯಾಯ್ತು ಅನ್ನೋ ಹಾಗೆ ನಿಂತಿದ್ದೀಯಲ್ಲ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಎಂಟು ದಿನ ಕಳೆದ ಮೇಲೆ ಅದೇ ದೃಶ್ಯದಲ್ಲಿ ಎರ್ಮೆಲಿಂದಾ ಗಳಗಳನೆ ಅತ್ತಳು. ಮೆನೀನ್ ಚಪ್ಪಾಳೆ ತಟ್ಟಿದ. ತಾಲೀಮು ಮುಗಿದು ಚಹಾ ಬಂತು. ಅವಳ ಅಳು ಇನ್ನೂ ನಿಂತಿರಲಿಲ್ಲ. ಎದ್ದವಳು ತಲೆ ಸುತ್ತಿ ಗೋಡೆ ಹಿಡಿದಳು.

“ಮಾತ್ರೆ ಬಿಟ್ಟಿದ್ದೀಯಾ?” ಎಂದು ಕೇಳಿದೆ.

“ಬಿಟ್ಟು ವಾರವಾಯ್ತು. ನೋಡಿದ್ಯಲ್ಲ, ಎಷ್ಟು ಚೆನ್ನಾಗಿ ಬಂತು. ಮಾತ್ರೆ ತಿಂದ್ರೆ ನಾನು ಯಾರಿಗೆ ಬೇಕು ಕಾಯ್ತಾನ್? ಅಳೋದು ಬಿಟ್ರೆ ನನಗೇನು ಬರುತ್ತೆ?”

ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೇರೇನೋ ನೆನಪಾಯಿತು. ಈಚಿನ ಎರಡು ಮೂರು ವರ್ಷ ಪರದೆ ಬಿದ್ದ ಮೇಲೂ ಇವಳು ಹೀಗೇ ಅಳುತ್ತಿದ್ದಳು. “ಪಾತ್ರದೊಳಗೇ ಇದ್ದಾಳೆ” ಎಂದು ಮೆಚ್ಚಿಕೊಂಡು ನಾವು ಚಹಾ ಕುಡಿಯಲು ಹೋಗುತ್ತಿದ್ದೆವು. ನಾವು ಚಪ್ಪಾಳೆ ಹೊಡೆದದ್ದು ಕಾಯಿಲೆಗೆ. ನನಗೆ ನಾಚಿಕೆಯಾಯಿತು, ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ.

ಅವಳು ಜಗಳಕ್ಕೆ ಬರಲಿಲ್ಲ. “ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀಯಾ?” ಎಂದಳು.

ಡಾಕ್ಟರು ಗದರಿಸಲಿಲ್ಲ. “ಕೆಲವರಿಗೆ ಅಳು ಕಡಿಮೆಯಾಗುತ್ತೆ ಬಾಯಿ. ನನಗೆ ಹೇಳಿ, ಏನು ಮಾಡ್ಬಹುದು ನೋಡೋಣ. ನೀವಾಗೇ ನಿಲ್ಲಿಸ್ಬೇಡಿ. ಹುಷಾರಾದ ಮೇಲೂ ಇನ್ನಷ್ಟು ತಿಂಗಳು ತಗೋಬೇಕು” ಎಂದರು. ಮಾತ್ರೆ ಮತ್ತೆ ಶುರುವಾಯಿತು. ದಿನಾ ಬೆಳಿಗ್ಗೆ ಏಳೂವರೆಗೆ ನಾನು ಫೋನ್ ಮಾಡುತ್ತಿದ್ದೆ. “ನುಂಗಿದ್ಯಾ?” “ನುಂಗಿದೆ ಮಾರಾಯ, ಫೋನಿಡು.”

ಈಸ್ಟರ್ ಮರುದಿನ ಮಡಗಾಂವ್‌ನಲ್ಲಿ ಮೂರೂವರೆಯ ಆಟ; ಏಳಕ್ಕೆ ಇನ್ನೊಂದು. ಮೆನೀನ್ ಗ್ಲಿಸರಿನ್ ಬಾಟಲಿ ಚಾಚಿದ. ಅವಳು ಬೇಡವೆಂದಳು. ಮಗನ ಸುದ್ದಿ ಬಂದಾಗ ಅವಳು ಅಳಲಿಲ್ಲ. ಮಗನ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಪುಸ್ತಕದಲ್ಲಿ ಅದು ಇರಲಿಲ್ಲ, ನನಗೆ ಪಿಸುಗುಟ್ಟಲು ಏನೂ ಸಿಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, “ಅಳುವ ಬಾಯಿಗೆ ವಯಸ್ಸಾಯ್ತಪ್ಪ” ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು.

ಮೊದಲ ಆಟ ಮುಗಿದ ಮೇಲೆ ಅವಳು ಬಣ್ಣ ಸರಿಮಾಡದೆ ಕೂತಿದ್ದಳು. ನಾಳೆ ಮಾತ್ರೆ ಕಸಕ್ಕೆ ಹೋಗುತ್ತದೆ ಎಂದು ನನಗೆ ಭಯವಾಯಿತು. ಅಷ್ಟರಲ್ಲಿ ಮೀನು ಮಾರುವ ಒಬ್ಬ ಮುದುಕಿ ಯಾರನ್ನೂ ಕೇಳದೆ ಒಳಗೆ ಬಂದಳು.

“ಇವತ್ತು ನೀನು ಅಳಲಿಲ್ಲ ಬಾಯಿ.”

ಎರ್ಮೆಲಿಂದಾ ತಲೆ ತಗ್ಗಿಸಿದಳು.

“ಒಳ್ಳೇದಾಯ್ತು. ನಿನ್ನ ಒಂದು ಆಟಾನೂ ಬಿಟ್ಟವಳಲ್ಲ ನಾನು. ಈಚೆಗೆ ನೀನು ಅಳೋಕೆ ಶುರು ಮಾಡಿದ್ರೆ ನನಗೆ ಕತೇನೇ ಮರೆತುಹೋಗ್ತಿತ್ತು. ಈ ಹೆಣ್ಣಿಗೆ ಏನಾಗಿದೆ, ಯಾರಾದ್ರೂ ನೋಡಿಕೊಳ್ತಾರೋ ಇಲ್ವೋ ಅಂತ ಅದೇ ಚಿಂತೆ. ಇವತ್ತು ನಿನ್ನ ಚಿಂತೆ ಇರಲಿಲ್ಲ. ಆ ನಾಟಕದ ತಾಯಿಗೋಸ್ಕರ ನಾನೇ ಅತ್ತುಬಿಟ್ಟೆ.”

ಅವಳು ಎರ್ಮೆಲಿಂದಾಳ ಕೆನ್ನೆ ತಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಇಷ್ಟು ವರ್ಷ ನಾನಿದ್ದದ್ದು ಎರ್ಮೆಲಿಂದಾಳಿಂದ ನಾಲ್ಕು ಅಡಿ ದೂರದಲ್ಲಿ. ಆ ಮುದುಕಿ ಕೂರುತ್ತಿದ್ದದ್ದು ಎಲ್ಲೋ ಇಪ್ಪತ್ತನೆಯ ಸಾಲಿನಲ್ಲಿ.

ಎರ್ಮೆಲಿಂದಾ ಎದ್ದು ಕನ್ನಡಿಯ ಮುಂದೆ ಕೂತಳು. ಆಮೇಲೆ ಏಳು ಗಂಟೆಯ ಆಟಕ್ಕೆ ಜಡೆ ಬಿಚ್ಚಿ ಬಾಚತೊಡಗಿದಳು.

“ನಾಳೆ ಬೆಳಿಗ್ಗೆ ನೀನು ಫೋನ್ ಮಾಡ್ಬೇಡ ಕಾಯ್ತಾನ್. ಮಾತ್ರೆ ತಗೊಂಡು ನಾನೇ ಮಾಡ್ತೀನಿ.”