ಹನ್ನೆರಡನೆಯ ಹಾಡಿನ ಕೊನೆಯ ಎರಡು ಸಾಲು

೧೯೬೫ರ ನವೆಂಬರ್ ಒಂಬತ್ತು, ಮಂಗಳವಾರ. ಲಂಡನ್ನಿನ ಆ ಸ್ಟುಡಿಯೋದಲ್ಲಿ ವಾದ್ಯಗಾರರ ಪಾಳಿ ಮಧ್ಯಾಹ್ನ ಎರಡೂವರೆಗೆ ಆರಂಭ, ಐದೂವರೆಗೆ ಮುಕ್ತಾಯ. ಮೊದಲ ಹಾಡು ಮೂರೂಕಾಲಿಗೆ ಮುಗಿಯಿತು, ಎರಡನೆಯದು ನಾಲ್ಕಕ್ಕೆ. ಮೂರನೆಯದರ ಸ್ವರಪತ್ರದಲ್ಲಿ ನಕಲುಗಾರ ಒಂದು ಸಾಲನ್ನೇ ನುಂಗಿದ್ದರಿಂದ ಅದು ಐದೂ ಹತ್ತರವರೆಗೆ ಎಳೆಯಿತು. ಉಳಿದದ್ದು ಇಪ್ಪತ್ತು ನಿಮಿಷ ಮತ್ತು ಒಂದು ಹಾಡು.

ಆ ಒಂದು ಹಾಡು ಗಾಯಕಿ ಗ್ಲೆನಿಸ್ ಹ್ಯಾಲಮ್ ತಾನೇ ಬರೆದದ್ದು. ಅವಳ ಮೊದಲ ಆಲ್ಬಮ್ಮಿನ ಹನ್ನೊಂದು ಹಾಡುಗಳನ್ನು ನಿರ್ಮಾಪಕ ಪರ್ಕಿಸ್ ಆರಿಸಿದ್ದರು. ಹನ್ನೆರಡನೆಯದು ಓಲ್ಡಮ್ ಊರಿನ ಹತ್ತಿ ಗಿರಣಿಯಲ್ಲಿ ದುಡಿದು ಅವಳನ್ನು ಸಾಕಿದ ಚಿಕ್ಕಮ್ಮನ ಕುರಿತದ್ದು. ಐದೂವರೆಯೊಳಗೆ ಮುಗಿಯದಿದ್ದರೆ ಆ ಜಾಗಕ್ಕೆ ಈಗಾಗಲೇ ಧ್ವನಿಮುದ್ರಿಸಿಟ್ಟ ಅಮೆರಿಕದ ಹಾಡೊಂದು ಬರುತ್ತದೆ. ಪರ್ಕಿಸ್ ಹಾಕಿದ್ದ ಷರತ್ತು ಅದು. ಚಿಕ್ಕಮ್ಮನಾದರೋ ತನ್ನ ಮೇಲೊಂದು ಹಾಡು ಬರುತ್ತದೆಂದು ಇಡೀ ಬೀದಿಗೆ ಸುದ್ದಿ ಮುಟ್ಟಿಸಿಯಾಗಿತ್ತು.

ಮೊದಲ ಪಿಟೀಲಿನ ಲೆನ್ ಸ್ಪೀಗಲ್ ಪದಬಂಧ ಮಡಚಿಟ್ಟು ಕೇಳಿದರು. "ಯಾರ ಮೇಲಮ್ಮಾ ಈ ಹಾಡು? ಹುಡುಗನ ಮೇಲಾ?"

"ಅಲ್ಲ, ನಮ್ಮ ಚಿಕ್ಕಮ್ಮನ ಮೇಲೆ."

"ಸದ್ಯ, ಬದುಕಿದೆ. ಈ ವಾರ ಏಳು ಹಾಡಲ್ಲಿ ಹುಡುಗರು ಕೈಕೊಟ್ಟು ಹೋದ್ರು, ಏಳಕ್ಕೂ ಅತ್ತಿದ್ದು ನನ್ನ ಪಿಟೀಲೇ."

ಮೊದಲ ಪ್ರಯತ್ನ ನಡುವೆಯೇ ಮುಗ್ಗರಿಸಿತು. ಐದೂ ಇಪ್ಪತ್ತಾರಕ್ಕೆ ಮತ್ತೆ ಧ್ವನಿಮುದ್ರಣದ ಕೆಂಪು ದೀಪ ಹತ್ತಿತು. ಈ ಸಲ ಗ್ಲೆನಿಸ್ ಮೈಕನ್ನು ಮರೆತಳು. ಗಿರಣಿಯ ಸದ್ದಿನಲ್ಲಿ ಕಿವಿ ಮಂದವಾದ ಒಬ್ಬಳಿಗೆ ಕೇಳಿಸುವಂತೆ ಬಿಡಿಸಿ ಬಿಡಿಸಿ ಹಾಡಿದಳು. ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಟಕಟಕ ಸದ್ದು ಕೇಳಿಸಿತು. ಹಾಡು ಮನಸ್ಸಿಗೆ ಹಿಡಿಸಿದರೆ ಕಮಾನಿನಿಂದ ಸ್ವರಪತ್ರದ ಸ್ಟ್ಯಾಂಡನ್ನು ತಟ್ಟುವುದು ಪಿಟೀಲಿನವರ ರೂಢಿ. ಆದರೆ ದೀಪ ಆರಿದ ಮೇಲೆ ತಟ್ಟಬೇಕು. ದೀಪ ಆರಿರಲಿಲ್ಲ, ಆ ಸದ್ದೂ ಟೇಪಿಗೆ ಸೇರಿತ್ತು.

"ಯಾರ್ರೀ ಅದು ಬಡಗಿ ಕೆಲಸ ಶುರು ಮಾಡಿದ್ದು?" ಗಾಜಿನಾಚೆಯಿಂದ ಪರ್ಕಿಸರ ದನಿ ಬಂತು.

"ನಾನೇ ಮೊದಲು," ಎಂದರು ಲೆನ್. "ಕೈ ತಡೀಲಿಲ್ಲ."

"ನಲವತ್ತು ವರ್ಷದ ಅನುಭವ ನಿಮ್ಮದು."

"ಅದೇ ಹೇಳ್ತಿರೋದು. ನಲವತ್ತು ವರ್ಷದಲ್ಲಿ ಇದೇ ಮೊದಲು."

ಗಡಿಯಾರ ಐದೂ ಇಪ್ಪತ್ತೊಂಬತ್ತು ತೋರಿಸುತ್ತಿತ್ತು. ಐದೂವರೆ ಹೊಡೆದರೆ ಅರ್ಧ ಸ್ವರದಲ್ಲೇ ವಾದ್ಯ ಕೆಳಗಿಡುವ ಜನ ಅವರು. ಅದು ಅವರ ಸಂಘದ ನಿಯಮ, ಅದಕ್ಕೆ ವಿನಾಯಿತಿ ಕೇಳಿದವರಿಲ್ಲ. "ಹೋಗ್ಲಿ ಬಿಡಿ, ಚಿಕ್ಕಮ್ಮಂಗೆ ನಾನೇ..." ಎನ್ನುತ್ತ ಗ್ಲೆನಿಸ್ ಹಾಡಿನ ಹಾಳೆ ಮಡಚತೊಡಗಿದಳು.

ಮುಳ್ಳು ಐದೂವರೆ ದಾಟಿತು. ಓಬೊ ಊದುವ ನಾರ್ಮನ್ ವಾದ್ಯ ಎತ್ತಿಡಲು ಪೆಟ್ಟಿಗೆ ತೆರೆದ.

"ನಾರ್ಮನ್, ಕೂತ್ಕೋ," ಎಂದರು ಲೆನ್.

"ನನ್ನ ರೈಲು, ಲೆನ್?"

"ನಿನ್ನೂರು ಕ್ರಾಯ್ಡನ್ ಎಲ್ಲೂ ಓಡಿಹೋಗಲ್ಲ. ಹುಡುಗಿ ಹಾಡು ಕೆಡಿಸಿದ್ದು ನಾವು. ಮಾಡಿದ ತಪ್ಪು ತಿದ್ದೋದು ಪಾಳಿ ಲೆಕ್ಕಕ್ಕೆ ಬರಲ್ಲ."

"ನಿಯಮ?" ಎಂದರು ಪರ್ಕಿಸ್.

"ಅದನ್ನ ಬರೆದ ಸಮಿತೀಲಿ ನಾನೂ ಇದ್ದೆ. ದೀಪ ಹಾಕಿ. ಕೊನೇ ಎರಡು ಸಾಲು ಸಾಕು. ಏನಮ್ಮಾ, ಹಾಡ್ತೀಯಾ, ಇಲ್ಲ ನಾನೇ ಹಾಡ್ಲಾ?"

ಗ್ಲೆನಿಸ್ ಮೂಗೊರೆಸಿಕೊಂಡು ನಕ್ಕಳು. "ನೀವು ಹಾಡಿದ್ರೆ ಚಿಕ್ಕಮ್ಮ ಕೇಸ್ ಹಾಕ್ತಾಳೆ."

ನಾರ್ಮನ್ ಪೆಟ್ಟಿಗೆ ಮುಚ್ಚಿದ. ಎರಡು ಸಾಲು ನುಡಿಸಿದರು, ಅವಳು ಹಾಡಿದಳು. ದೀಪ ಆರುವವರೆಗೆ ಒಂದು ಕಮಾನೂ ಅಲುಗಲಿಲ್ಲ. ಪರ್ಕಿಸ್ ಎರಡು ಬಾರಿ ಕೇಳಿ, ಅಮೆರಿಕದ ಹಾಡಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಮರುದಿನ ಧ್ವನಿಮುದ್ರಣಕಾರರು ಮೊದಲಿನ ಟೇಪಿನ ಬಾಲವನ್ನು ಬ್ಲೇಡಿನಿಂದ ಕತ್ತರಿಸಿ ಹೊಸ ಸಾಲುಗಳನ್ನು ಅಂಟಿಸಿದರು.

ಆಲ್ಬಮ್ಮಿನ ಹನ್ನೆರಡನೆಯ ಹಾಡಿನ ಉದ್ದ ಎರಡು ನಿಮಿಷ ನಲವತ್ತೊಂದು ಸೆಕೆಂಡು; ಅದರಲ್ಲಿ ಕೊನೆಯ ಇಪ್ಪತ್ತೊಂದು ಸೆಕೆಂಡು ಐದೂವರೆಯ ನಂತರದ್ದು.